ಎಂಜಿನ್ ಬಂದ್ ಮಾಡಿ, ಈಗ ಗೇರ್ ಹಾಕಿ ನೋಡಿ

"ಎಂಜಿನ್ ಬಂದ್ ಮಾಡಿ. ಈಗ ಗೇರ್ ಹಾಕಿ ನೋಡಿ ಅಮ್ಮಾ."

ಭಾನುವಾರದಿಂದ ಈ ಮಾತು ಕಿವಿಯಲ್ಲೇ ಇದೆ. ಹೇಳಿದವರು ತೀರ್ಥಹಳ್ಳಿಯ ಒಬ್ಬ ಮೆಕ್ಯಾನಿಕ್, ವಯಸ್ಸು 60 ದಾಟಿರಬೇಕು.

ಗೃಹಪ್ರವೇಶಕ್ಕೆ ಅಂತ ಉಡುಪಿಯಿಂದ ಬೆಳಿಗ್ಗೆಯೇ ಹೊರಟಿದ್ದೆವು. ಹಿಂದೆ ಅತ್ತೆ, ಮಗಳು. ಪಕ್ಕದಲ್ಲಿ ಭಾವ. ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುತ್ತಿದ್ದೆ. 14 ತಿರುವುಗಳಲ್ಲಿ ಐದನೆಯದೋ ಆರನೆಯದೋ, ಮೂರರಿಂದ ಎರಡನೇ ಗೇರಿಗೆ ಇಳಿಸಲು ಹೋದರೆ ಕಿರ್ರ್ ಅಂತು, ಬೀಳಲಿಲ್ಲ. ಮತ್ತೆ ಒತ್ತಿದೆ, ಮತ್ತೆ ಕಿರ್ರ್. ಅಷ್ಟರಲ್ಲಿ ಕಾರು ನಿಂತು ಹಿಂದಕ್ಕೆ ಜಾರತೊಡಗಿತ್ತು, ಹಿಂದೆ ಮಿನಿ ಬಸ್ಸು, ಮಗಳು "ಅಮ್ಮಾ" ಅಂತ ಕೂಗಿದಳು. ಬ್ರೇಕ್ ಒತ್ತಿ, ಹ್ಯಾಂಡ್‌ಬ್ರೇಕ್ ಎಳೆದು, ಗಾಬರಿಯಲ್ಲಿ ಕೀಲಿಯನ್ನೂ ತಿರುಗಿಸಿಬಿಟ್ಟೆ.

"ಗಟ್ಟಿಯಾಗಿ ತಳ್ಳು ಮಾರಾಯ್ತಿ, ಗೇರ್ ಹಾಕೋಕೆ ಕೈಯಲ್ಲಿ ಶಕ್ತಿ ಬೇಕು. ಬಿಡು, ನಾನು ಓಡಿಸ್ತೀನಿ" ಅಂದರು ಭಾವ.

ಭಾವ ಒಳ್ಳೆಯವರೇ. ಕಷ್ಟಕ್ಕೆ ಮೊದಲು ಓಡಿಬರುವವರು. ಆದರೆ ಯಾವುದೇ ಯಂತ್ರ ಮಾತು ಕೇಳದಿದ್ದರೆ ಜೋರು ಮಾಡಬೇಕು ಅನ್ನುವ ಜನ. ನಾನು ಸೀಟು ಬಿಡಲಿಲ್ಲ. ಆಫ್ ಆಗಿದ್ದ ಗಾಡಿಗೆ ಒಂದನೇ ಗೇರ್ ಹಾಕಿದೆ, ಸಲೀಸಾಗಿ ಬಿತ್ತು. ಕ್ಲಚ್ ಒತ್ತಿಕೊಂಡೇ ಸ್ಟಾರ್ಟ್ ಮಾಡಿ ಹತ್ತಿಸಿದೆ. ಉತ್ತರ ಅಲ್ಲೇ ಕೈಗೆ ಸಿಕ್ಕಿತ್ತು, ಆ ಭಯದಲ್ಲಿ ಗೊತ್ತೇ ಆಗಲಿಲ್ಲ.

ಗೇರ್ ಗಟ್ಟಿಯಾಗಿ ಎರಡು ತಿಂಗಳಾಗಿತ್ತು. ನಮ್ಮೂರಿನ ಗ್ಯಾರೇಜಿನ ಹುಡುಗ ಒಂದು ಸುತ್ತು ಓಡಿಸಿ ಬಂದು, "ಕ್ಲಚ್ ಪ್ಲೇಟ್ ಹೋಗಿದೆ ಮೇಡಂ, ಲೇಡೀಸ್ ಯಾವಾಗಲೂ ಕ್ಲಚ್ ಮೇಲೆ ಕಾಲಿಟ್ಟೇ ಓಡಿಸೋದಲ್ವಾ" ಅಂದಿದ್ದ. 9 ಸಾವಿರ ಹೇಳಿದ. ನಾನು ನಂಬಿದೆ. ಹಣ ಹೊಂದಿಸೋಣ ಅಂತ ಸುಮ್ಮನಾದೆ. ಎರಡು ತಿಂಗಳು, ಗೇರ್ ಹಾಕಿದಾಗಲೆಲ್ಲ ನನ್ನ ಕಾಲಿನದ್ದೇ ತಪ್ಪು ಅಂದುಕೊಂಡೆ.

ಘಾಟಿ ಹತ್ತಿ ತೀರ್ಥಹಳ್ಳಿಗೆ ಬಂದು ಗಾಡಿ ತೋರಿಸಿದರೆ ಆ ಮೆಕ್ಯಾನಿಕ್ ಓಡಿಸಲೇ ಇಲ್ಲ. ಡಾಕ್ಟರ ಹಾಗೆ ಒಂದೊಂದೇ ಕೇಳಿದರು. ಎಲ್ಲ ಗೇರೂ ಗಟ್ಟಿಯಾ, ಒಂದೇನಾ? ಒಂದೇ ಆದರೆ ಒಳಗೆ ಗೇರುಗಳ ವೇಗ ಹೊಂದಿಸುವ ಸಿಂಕ್ರೋ ರಿಂಗ್ ಸವೆದಿರಬಹುದು. ಬೆಳಿಗ್ಗೆ ತಣ್ಣಗಿರುವಾಗ ಮಾತ್ರವಾ? ಹಾಗಾದರೆ ಗೇರ್ ಆಯಿಲ್ ನೋಡಬೇಕು. ರಿವರ್ಸ್ ಹಾಕುವಾಗ ಸದ್ದು ಬರುತ್ತಾ? ಬರುತ್ತೆ ಅಂದೆ. ಆಮೇಲೆ ಅದೇ ಮಾತು: "ಎಂಜಿನ್ ಬಂದ್ ಮಾಡಿ. ಈಗ ಗೇರ್ ಹಾಕಿ ನೋಡಿ ಅಮ್ಮಾ."

ಒಂದು, ಎರಡು, ಮೂರು, ರಿವರ್ಸ್. ಬೆಣ್ಣೆ ಥರ ಬಿದ್ದವು. ಸ್ಟಾರ್ಟ್ ಮಾಡಿದರೆ ಮತ್ತೆ ಗಟ್ಟಿ.

ಆಫ್ ಆಗಿದ್ದಾಗಲೂ ಗಟ್ಟಿ ಇದ್ದರೆ ಗೇರ್ ಲಿವರನ್ನು ಗೇರ್‌ಬಾಕ್ಸಿಗೆ ಸೇರಿಸುವ ಲಿಂಕು, ಬುಷ್ ನೋಡಬೇಕಂತೆ. ಎಂಜಿನ್ ಓಡುವಾಗ ಮಾತ್ರ ಗಟ್ಟಿ ಅಂದರೆ ಪೆಡಲ್ ಪೂರ್ತಿ ಒತ್ತಿದರೂ ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಎಂಜಿನ್ನು ಗೇರ್‌ಬಾಕ್ಸನ್ನು ತಿರುಗಿಸುತ್ತಲೇ ಇದೆ ಅಂತ. ತಿರುಗುತ್ತಿರುವುದರ ಒಳಗೆ ಹಲ್ಲು ಕೂರಿಸಲು ಹೋದರೆ ಕಿರ್ರ್ ಅನ್ನದೆ ಇನ್ನೇನು?

"ಪೆಡಲ್ ಬಿಡುವಾಗ ಗಾಡಿ ಎಲ್ಲಿ ಎಳೆಯುತ್ತೆ, ಕೆಳಗಾ ಮೇಲಾ?" ಅಂದರು. ತುಂಬಾ ಕೆಳಗೆ, ನೆಲ ಬಿಡುತ್ತಿದ್ದ ಹಾಗೇ ಅಂದೆ. "ಪ್ಲೇಟ್ ಸವೆದಿದ್ದರೆ ಮೇಲೆ ಹಿಡಿಯುತ್ತೆ, ಎಂಜಿನ್ ಕೂಗುತ್ತೆ, ಗಾಡಿ ಹೋಗಲ್ಲ. ನಿಮ್ಮ ಪ್ಲೇಟ್ ಚೆನ್ನಾಗೇ ಇದೆ."

ಮೊದಲು ಮ್ಯಾಟ್ ಎತ್ತಿದರು. ಹಳೇ ಮ್ಯಾಟಿನ ಮೇಲೆ ನಾನೇ ಹಾಕಿದ್ದ ದಪ್ಪ ರಬ್ಬರ್ ಮ್ಯಾಟ್ ಮಡಚಿ ಪೆಡಲಿನ ಕೆಳಗೆ ಸೇರಿತ್ತು. ಆಮೇಲೆ ಬಾನೆಟ್ ತೆಗೆದು, ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸಲು ಎಳೆಯುವ ಕ್ಲಚ್ ಕೇಬಲ್ ತೋರಿಸಿದರು. ಸಡಿಲವಾಗಿತ್ತು, ತುದಿಯಲ್ಲಿ ಎಳೆಗಳು ಅರ್ಧದಷ್ಟು ಕಡಿದಿದ್ದವು. ಹೊಸ ಕೇಬಲ್, ಕೂಲಿ ಎಲ್ಲ ಸೇರಿ 900 ರೂಪಾಯಿ. ಘಾಟಿಯಲ್ಲೇ ಪೂರ್ತಿ ಕಡಿದಿದ್ದರೆ ಅಂತ ಯೋಚಿಸಿದರೆ ಈಗಲೂ ಕೈ ತಣ್ಣಗಾಗುತ್ತದೆ.

ಹೊರಡುವಾಗ ಇನ್ನೊಂದು ಹೇಳಿದರು. ಲಿವರನ್ನು ಮುಷ್ಟಿ ಕಟ್ಟಿ ಹಿಡಿಯಬೇಡಿ, ನ್ಯೂಟ್ರಲ್‌ಗೆ ತಂದು ಕ್ಷಣ ಬಿಡಿ, ಸ್ಪ್ರಿಂಗ್ ಅದನ್ನು ನಡುವೆ ತಂದು ನಿಲ್ಲಿಸುತ್ತೆ. ಐದರಿಂದ ನಾಲ್ಕಕ್ಕೆ ಬರುವಾಗ ಬಲ ಹಾಕಿ ಎಡಕ್ಕೆ ತಳ್ಳಿದರೆ ಎರಡಕ್ಕೆ ಬೀಳಬಹುದು, ಹೈವೇ ವೇಗದಲ್ಲಿ ಹಾಗಾದರೆ ಎಂಜಿನ್ನೇ ಹಾಳು. ತಿರುವಿನ ಒಳಗೆ ಗೇರ್ ಬದಲಿಸಬೇಡಿ, ತಿರುವು ಬರುವ ಮೊದಲೇ ಎರಡಕ್ಕೆ ಇಳಿಸಿ. ಹಳೇ ಲಾರಿಗಳಲ್ಲಿ ಸಿಂಕ್ರೋ ಇರಲಿಲ್ಲ, ಡ್ರೈವರುಗಳು ಎರಡೆರಡು ಸಲ ಕ್ಲಚ್ ಒತ್ತಿ, ಎಂಜಿನ್ ಸದ್ದು ಕೇಳಿಕೊಂಡು ಗೇರ್ ಹಾಕುತ್ತಿದ್ದರು, ತಾವೂ ಹಾಗೇ ಕಲಿತಿದ್ದು ಅಂದರು. ಭಾವನೂ ಕೇಳಿಸಿಕೊಂಡರು.

ನನಗೆ ಸಿಟ್ಟಿರುವುದು 9 ಸಾವಿರದ ಮೇಲಲ್ಲ. ಆ ಹುಡುಗ ಗಾಡಿಯನ್ನು ಕೇಳುವ ಮೊದಲೇ ನನ್ನನ್ನು ನೋಡಿ ತೀರ್ಮಾನ ಮಾಡಿದ. ನಾನೂ ಅವನು ಹೇಳಿದ್ದನ್ನು ಹಾಗೇ ತೆಗೆದುಕೊಂಡೆ. ಮಗಳಿಗೆ ಲೆಕ್ಕ ಬರದಿದ್ದಾಗ ಗಮನ ಕೊಡಲ್ಲ ನೀನು ಅಂತ ನಾನೂ ಎಷ್ಟು ಸಲ ಗದರಿದ್ದೇನೆ. ಎಲ್ಲ ಲೆಕ್ಕವಾ, ಒಂದೇ ಥರದ್ದಾ ಅಂತ ಒಮ್ಮೆಯೂ ಕೇಳಿಲ್ಲ. ಮೊನ್ನೆ ಕೇಳಿದೆ. ಭಾಗಾಕಾರ ಒಂದೇ ಕಷ್ಟ ಅಂದಳು.

ಹಳೇ ಕೇಬಲ್ ಡಿಕ್ಕಿಯಲ್ಲೇ ಇದೆ. ಈ ಶನಿವಾರ ಆ ಹುಡುಗನ ಹತ್ತಿರ ಒಯ್ದು ತೋರಿಸಬೇಕು. ಜಗಳಕ್ಕಲ್ಲ. ಪೆಡಲ್ ಎಲ್ಲಿ ಹಿಡಿಯುತ್ತೆ ಅಂತ ಮುಂದೆ ಬರುವವರನ್ನಾದರೂ ಕೇಳಲಿ ಅಂತ.