ಬೇಲಿಯ ತಪ್ಪಲು

ಬೇಲಿ ಕತ್ತರಿಸಿದಾಗಲೆಲ್ಲ ಪಕ್ಕದ ಓಣಿಯ ಗಂಗವ್ವನನ್ನು ಕೂಗುವುದು ನನ್ನ ರೂಢಿಯಾಗಿತ್ತು. ಆಕೆ ಪುಟ್ಟಿ ತಂದು ತಪ್ಪಲನ್ನೆಲ್ಲ ಬಳಿದುಕೊಂಡು ಹೋಗುತ್ತಿದ್ದಳು. ಧಾರವಾಡದ ಬೇಸಿಗೆಯಲ್ಲಿ ಹಸಿರು ಮೇವು ಪುಕ್ಕಟೆ ಸಿಕ್ಕರೆ ಯಾರು ಬಿಟ್ಟಾರು? ಗೋಸೇವೆ ಮಾಡುತ್ತಿದ್ದೇನೆಂಬ ಸಣ್ಣ ಜಂಬ ನನಗೂ ಇತ್ತು.

ಆಕೆಯ ಆಕಳು ಸೊರಗತೊಡಗಿತು. ಹಿಂಡಿ, ಹೊಟ್ಟು ಎಲ್ಲ ತಿನ್ನುತ್ತದೆ, ಮೈಗೆ ಹತ್ತುವುದಿಲ್ಲ. ಬೆನ್ನು ಬಿಲ್ಲಿನಂತೆ ಬಾಗಿತು, ಮುಂಗಾಲು ಸೆಟೆದುಕೊಂಡವು. ಎಲುಬು ಸೋತಿರಬೇಕೆಂದು ಪಂಡಿತಳಂತೆ ಹೇಳಿ, ಕ್ಯಾಲ್ಸಿಯಂ ಟಾನಿಕ್ಕಿನ ಬಾಟಲಿಯನ್ನು ನಾನೇ ಕೊಡಿಸಿದೆ.

ಪಶುವೈದ್ಯರು ಬಂದ ದಿನ ನಾನೂ ಕೊಟ್ಟಿಗೆಯಲ್ಲಿದ್ದೆ. ಅವರು ಗೋದಲಿಯಿಂದ ಒಂದು ಎಲೆ ಎತ್ತಿಕೊಂಡು, "ಇದು ಎಲ್ಲಿಯದು?" ಎಂದರು.

"ನಮ್ಮ ಅಕ್ಕಾವರ ಬೇಲಿಯದ್ದು," ಎಂದಳು ಗಂಗವ್ವ, ಅಭಿಮಾನದಿಂದಲೇ.

ನರ್ಸರಿಯವನು 'ದಿನ್ ಕಾ ರಾಜಾ' ಎಂದು ಕೊಟ್ಟಿದ್ದ ಗಿಡ. ರಾತ್ರಿರಾಣಿಯ ಬಳಗದ್ದು, ಹಗಲಲ್ಲಿ ಘಮಘಮಿಸುವ ಬಿಳಿ ಹೂವು. ಪುಸ್ತಕದ ಹೆಸರು ಸೆಸ್ಟ್ರಮ್ ಡಯುರ್ನಮ್.

ಡಾಕ್ಟರು ಕೊಟ್ಟಿಗೆಯ ಗೋಡೆಗೆ ಒರಗಿ ವಿವರಿಸಿದರು. ವಿಟಮಿನ್ ಡಿಗೆ ಕೊನೆಯ ಹದ ಕೊಡುವುದು ಮೂತ್ರಪಿಂಡ. ರಕ್ತದಲ್ಲಿ ಸುಣ್ಣ, ಅಂದರೆ ಕ್ಯಾಲ್ಸಿಯಂ, ಸಾಕಾದರೆ ಮೂತ್ರಪಿಂಡ ಕೈ ಬಿಗಿ ಹಿಡಿಯುತ್ತದೆ. ಈ ಎಲೆಯಲ್ಲಿ ಹದಗೊಂಡ ವಿಟಮಿನ್ನೇ ಸಕ್ಕರೆಗೆ ಅಂಟಿಕೊಂಡು ಕುಳಿತಿದೆ. ಹೊಟ್ಟೆಯಲ್ಲಿ ಸಕ್ಕರೆ ಕಳಚಿತೆಂದರೆ ಮೂತ್ರಪಿಂಡದ ಮಾತು ನಡೆಯುವುದಿಲ್ಲ. ಕರುಳು ಸುಣ್ಣ ಹೀರುತ್ತಲೇ ಹೋಗುತ್ತದೆ. ಹೆಚ್ಚಾದದ್ದು ರಕ್ತನಾಳ, ಹೃದಯ, ಶ್ವಾಸಕೋಶ, ಕಾಲಿನ ಸ್ನಾಯುರಜ್ಜುಗಳಲ್ಲಿ ಗಾರೆಯಂತೆ ಗಟ್ಟಿಯಾಗುತ್ತದೆ. ಅರ್ಜೆಂಟೀನಾದಲ್ಲಿ ಬದನೆಯ ಕುಲದ ಗಿಡವೊಂದು, ಆಲ್ಪ್ಸ್ ಬೆಟ್ಟಗಳಲ್ಲಿ ಒಂದು ಜಾತಿಯ ಹುಲ್ಲು ದನಗಳಿಗೆ ಇದನ್ನೇ ಮಾಡುತ್ತವಂತೆ. ನನಗೆ ಅರ್ಜೆಂಟೀನಾ ಕೇಳಿಸಲಿಲ್ಲ; ಕಣ್ಣು ಮೂಲೆಯಲ್ಲಿದ್ದ ಟಾನಿಕ್ ಬಾಟಲಿಯ ಮೇಲೆ ನೆಟ್ಟಿತ್ತು.

ರಕ್ತ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಮಿತಿ ಮೀರಿತ್ತು.

"ಔಷಧ?" ಎಂದು ಕೇಳಿದೆ.

"ಈ ತಪ್ಪಲು ನಿಲ್ಲಿಸಿ, ಆ ಬಾಟಲಿಯನ್ನೂ. ಕಾಲು ಸ್ವಲ್ಪ ಸಡಿಲಾದೀತು. ಗಟ್ಟಿಯಾದ ರಕ್ತನಾಳ ಮೊದಲಿನಂತಾಗುವುದು ಕಷ್ಟ."

ಮರುದಿನವೇ ಬೇಲಿ ಕೀಳಿಸಿದೆ. ರಾಶಿಯನ್ನು ಏನು ಮಾಡುವುದು? ಒಣಗಿದರೂ ಎಲೆಯ ಗುಣ ಹೋಗುವುದಿಲ್ಲವೆಂದು ಡಾಕ್ಟರು ಎಚ್ಚರಿಸಿದ್ದರು, ರಸ್ತೆಗೆ ಹಾಕುವಂತಿಲ್ಲ. ಹಿತ್ತಲಲ್ಲಿ ಆಳು ತಗ್ಗು ತೋಡುತ್ತಿರುವಷ್ಟರಲ್ಲಿ ಮೂರು ಬೀದಿ ದನಗಳು ಗೇಟಿಗೆ ಮೂತಿ ಒತ್ತಿ ನಿಂತಿದ್ದವು. ಕರೆಯದೆಯೇ ಗಂಗವ್ವ ಬಂದಳು. ಕೋಲು ಹಿಡಿದು ಗೇಟಿನ ಬಳಿ ಕುಳಿತು, ಕೊನೆಯ ಬುಟ್ಟಿ ಮಣ್ಣು ಬೀಳುವ ತನಕ ದನಗಳನ್ನು ಅಟ್ಟುತ್ತಿದ್ದಳು. ನಾನು ಚಹಾ ತಂದುಕೊಟ್ಟೆ. ಕುಡಿದಳು. ನನ್ನ ಮುಖ ನೋಡಲಿಲ್ಲ.