ಮ್ಯೂನಿಕ್‌ಗೆ ಹೋದರೆ ಡಖಾವ್‌ಗೆ ಅರ್ಧ ದಿನ ಎತ್ತಿಡಿ

ಜರ್ಮನಿಯ ಮ್ಯೂನಿಕ್ ಪಕ್ಕದ ಡಖಾವ್ ನಾಜಿಗಳ ಮೊದಲ ದೊಡ್ಡ ಕಾನ್ಸಂಟ್ರೇಷನ್ ಕ್ಯಾಂಪ್, ಅಂದರೆ ಜನರನ್ನು ಕೂಡಿಹಾಕುತ್ತಿದ್ದ ಶಿಬಿರ. ಈಗ ಅದು ಸ್ಮಾರಕ. ಹಿಟ್ಲರ್ ಅಧಿಕಾರಕ್ಕೆ ಬಂದು ಎರಡು ತಿಂಗಳೂ ಆಗಿರಲಿಲ್ಲ, 1933ರ ಮಾರ್ಚ್‌ನಲ್ಲಿ ಶುರುವಾಯಿತು. ಹನ್ನೆರಡು ವರ್ಷದಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಜನರನ್ನು ಇಲ್ಲಿ ಮತ್ತು ಇದರ ಉಪಶಿಬಿರಗಳಲ್ಲಿ ಕೂಡಿಹಾಕಿದ್ದರು. ಸತ್ತವರು ಸುಮಾರು 41,500.

ಹೋಗುವುದು ಸುಲಭ. ಮ್ಯೂನಿಕ್‌ನಿಂದ ಎಸ್2 ಲೋಕಲ್ ಟ್ರೈನ್, ಡಖಾವ್ ಸ್ಟೇಷನ್ ಹೊರಗಿನಿಂದ 726ನೇ ನಂಬರ್ ಬಸ್. ಬರೀ ನಗರದೊಳಗಿನ ಡೇ ಟಿಕೆಟ್ ಸಾಲದು, ನಗರದ ಹೊರಗಿನ 1ನೇ ಟಿಕೆಟ್ ವಲಯವೂ (ಝೋನ್ 1) ಸೇರಿರಬೇಕು. ಪ್ರವೇಶಕ್ಕೆ ದುಡ್ಡಿಲ್ಲ. ಗೈಡೆಡ್ ಟೂರ್‌ಗೆ ಮಾತ್ರ ಸಣ್ಣ ಶುಲ್ಕ. ಸ್ಮಾರಕದವರೇ ಇಂಗ್ಲಿಷ್‌ನಲ್ಲಿ ನಡೆಸುವ ಎರಡೂವರೆ ಗಂಟೆಯ ಟೂರ್‌ಗೆ ಸೇರಿಕೊಳ್ಳಿ.

ಬೋರ್ಡ್ ಓದಿಕೊಂಡು ನಾವೇ ಸುತ್ತಬಹುದಲ್ವಾ ಅಂತ ಅನಿಸಬಹುದು. ಆದರೆ ಅಲ್ಲಿ ಕಣ್ಣಿಗೆ ಬೀಳುವುದು ಹೆಚ್ಚಾಗಿ ಬಯಲು. ಹಳೆಯ ಬ್ಯಾರಕ್‌ಗಳ ಜಾಗದಲ್ಲಿ ಅಡಿಪಾಯದ ಗುರುತಷ್ಟೇ ಇದೆ. ಮತ್ತೆ ಕಟ್ಟಿರುವ ಬ್ಯಾರಕ್‌ನೊಳಗೆ ಗೈಡ್ ನಮ್ಮನ್ನು ಮರದ ಮಂಚಗಳ ಮುಂದೆ ನಿಲ್ಲಿಸಿದರು. ಮೊದಲ ಕೋಣೆಯಲ್ಲಿ ಒಬ್ಬೊಬ್ಬರಿಗೂ ಅಡ್ಡಹಲಗೆ ಇಟ್ಟ ಬೇರೆ ಬೇರೆ ಜಾಗ. ಕೊನೆಯದರಲ್ಲಿ ಅಡ್ಡಹಲಗೆಯೇ ಇಲ್ಲ, ಉದ್ದಕ್ಕೆ ಮೂರು ಅಟ್ಟ, ಅಷ್ಟೇ. 200 ಜನರಿಗೆಂದು ಕಟ್ಟಿದ ಬ್ಯಾರಕ್‌ನಲ್ಲಿ ಕೊನೆಕೊನೆಗೆ 2,000 ಜನರವರೆಗೂ ತುಂಬಿದ್ದರಂತೆ. ಅವರು ಹೇಳದಿದ್ದರೆ ನಾನು ಹಾಗೇ ದಾಟಿ ಹೋಗುತ್ತಿದ್ದೆ.

ಹಿಂಭಾಗದಲ್ಲಿ ಹೆಣ ಸುಡುತ್ತಿದ್ದ ಕಟ್ಟಡವಿದೆ. ಕನ್ನಡಿಗರು ಅಲ್ಲಿಗೆ ಹೋಗದೆ ಬರಬೇಡಿ. ಟಿಪ್ಪು ಸುಲ್ತಾನ್ ವಂಶದ ನೂರ್ ಇನಾಯತ್ ಖಾನ್ ಹೆಸರು ಅಲ್ಲಿನ ಫಲಕದಲ್ಲಿದೆ. ಜರ್ಮನರ ಹಿಡಿತದಲ್ಲಿದ್ದ ಪ್ಯಾರಿಸ್‌ನಿಂದ ಬ್ರಿಟಿಷರಿಗೆ ವೈರ್‌ಲೆಸ್‌ನಲ್ಲಿ ಗುಪ್ತ ಸಂದೇಶ ಕಳಿಸುತ್ತಿದ್ದವರು ಅವರು. 1944ರ ಸೆಪ್ಟೆಂಬರ್ 13ರಂದು, ಇನ್ನೂ ಮೂವರು ಮಹಿಳೆಯರ ಜೊತೆ, ನಾಜಿಗಳು ಅವರನ್ನು ಇಲ್ಲೇ ಗುಂಡಿಟ್ಟು ಕೊಂದರು. ಆಗ ನೂರ್‌ಗೆ ಮೂವತ್ತು ವರ್ಷ. ಶ್ರೀರಂಗಪಟ್ಟಣವನ್ನು ಎಷ್ಟೋ ಸಲ ನೋಡಿದ ನನಗೆ ಆ ಹೆಸರಿನ ಮುಂದಿನಿಂದ ಕಾಲು ಕೀಳಲು ಆಗಲಿಲ್ಲ.

ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಹೈಸ್ಕೂಲ್ ಮಕ್ಕಳಾದರೆ ಮೊದಲೇ ಕೂತು ವಿಷಯ ಹೇಳಿ. ನಡೆಯುವುದು ಜಾಸ್ತಿ, ನೆಲವೆಲ್ಲ ಜಲ್ಲಿಕಲ್ಲು, ಒಳ್ಳೆ ಶೂ ಹಾಕಿಕೊಳ್ಳಿ. ಹಾಜರಿ ಕರೆಯುತ್ತಿದ್ದ ಮೈದಾನದಲ್ಲಿ ಗಾಳಿಗೆ ಅಡ್ಡವೇ ಇಲ್ಲ, ಚಳಿಗಾಲವಾದರೆ ದಪ್ಪ ಜಾಕೆಟ್ ಬೇಕೇ ಬೇಕು. ಸಂಜೆ ಐದಕ್ಕೆ ಮುಚ್ಚುತ್ತಾರೆ. ಮ್ಯೂಸಿಯಂಗೇ ಇನ್ನೆರಡು ಗಂಟೆ ಬೇಕು, ಅದಕ್ಕೇ ಬೆಳಗಿನ ಟೂರ್ ಹಿಡಿಯಿರಿ.