ಎರಡು ರೂಪಾಯಿ ಬಡ್ಡಿ ದೊಡ್ಡದೋ, ಒಂಬತ್ತು ಪರ್ಸೆಂಟ್ ದೊಡ್ಡದೋ?

ಮಂಡ್ಯದ ಒಂದು ಬ್ಯಾಂಕ್ ಶಾಖೆಯಲ್ಲಿ ನಾನು ಕ್ಲರ್ಕ್. ಕೆಲಸಕ್ಕೆ ಸೇರಿ ಹನ್ನೊಂದು ವರ್ಷ ಆಯಿತು. ಸೇರುವ ಮುಂಚೆ ಬ್ಯಾಂಕ್ ಪರೀಕ್ಷೆಗೆ ಅಂತ ದುಡ್ಡಿನ ಇಂಗ್ಲಿಷ್ ಪದಗಳನ್ನೆಲ್ಲ ಪಟ್ಟಿ ಮಾಡಿ ಬಾಯಿಪಾಠ ಮಾಡಿದ್ದೆ. ಪ್ರಿನ್ಸಿಪಲ್ ಅಂದ್ರೆ ಅಸಲು. ಇಂಟರೆಸ್ಟ್ ಅಂದ್ರೆ ಬಡ್ಡಿ. ಪರ್ ಆನಮ್ ಅಂದ್ರೆ ವರ್ಷಕ್ಕೆ. ಇಂಗ್ಲಿಷಿನಲ್ಲಿ ಒಳ್ಳೆ ಅಂಕವೂ ಬಂತು. ಇನ್ನು ಈ ಪದಗಳಲ್ಲಿ ಕಲಿಯೋದು ಏನೂ ಇಲ್ಲ ಅಂದುಕೊಂಡೇ ಕೌಂಟರಿಗೆ ಬಂದು ಕೂತೆ.

ಎರಡನೇ ವರ್ಷ ಇರಬೇಕು. ಸೋಮವಾರ, ಜನವೋ ಜನ. ದುದ್ದ ಕಡೆಯ ಒಬ್ಬ ಅಮ್ಮ ಕರ್ಚೀಫಿನಲ್ಲಿ ಎರಡೆಳೆ ಸರ ಸುತ್ತಿಕೊಂಡು ಬಂದಿದ್ದರು. ಮಗಳ ಕಾಲೇಜು ಫೀಸಿಗೆ 40,000 ರೂಪಾಯಿ ಬೇಕಿತ್ತು.

'ಬಡ್ಡಿ ಎಷ್ಟಾಯ್ತದವ್ವ?' ಅಂದರು.

'ಒಂಬತ್ತು ಪರ್ಸೆಂಟ್ ಪರ್ ಆನಮ್ ಅಮ್ಮ' ಅಂದೆ. ಮುಖ ಕೂಡ ಎತ್ತಿರಲಿಲ್ಲ, ಕೈ ಕೀಬೋರ್ಡ್ ಮೇಲೆ ಇತ್ತು.

ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ಕರ್ಚೀಫಿಗೆ ಮತ್ತೆ ಗಂಟು ಹಾಕಿ, 'ಮನೇಲಿ ಕೇಳ್ಕೊಂಡು ಬತ್ತೀನಿ ಕನವ್ವ' ಅಂತ ಹೊರಟುಹೋದರು. ಹಿಂದೆ ಸಾಲು ದೊಡ್ಡದಿತ್ತು. ನಾನು ಮುಂದಿನವರನ್ನು ಕರೆದೆ.

ನಾಲ್ಕು ತಿಂಗಳ ಮೇಲೆ ಅವರೇ ಪಾಸ್‌ಬುಕ್ ಎಂಟ್ರಿ ಮಾಡಿಸೋಕೆ ಬಂದಿದ್ದರು. ಮುಖ ನೆನಪಿತ್ತು. 'ಫೀಸ್ ಏನ್ ಮಾಡಿದ್ರಿ ಅಮ್ಮ?' ಅಂತ ಕೇಳಿದೆ.

'ಗಿರವಿ ಅಂಗಡೀಲಿ ಇಟ್ಟೆ ಕನವ್ವ. ಅವರದು ಎರಡೇ ರೂಪಾಯಿ ಬಡ್ಡಿ. ನಿಮ್ಮದು ಒಂಬತ್ತು ಅಂದ್ರಲ್ಲ.'

ನನಗೆ ಎದೆ ಧಸಕ್ ಅಂತು. ನಮ್ಮ ಕಡೆ ಎರಡು ರೂಪಾಯಿ ಬಡ್ಡಿ ಅಂದ್ರೆ ನೂರು ರೂಪಾಯಿಗೆ ತಿಂಗಳಿಗೆ ಎರಡು ರೂಪಾಯಿ. ವರ್ಷಕ್ಕೆ ನೂರಕ್ಕೆ ಇಪ್ಪತ್ತನಾಲ್ಕು. ಇದು ನನಗೂ ಗೊತ್ತು, ನಮ್ಮಪ್ಪ ಹಾಗೆ ಸಾಲ ತಂದಿದ್ದನ್ನು ನೋಡಿಕೊಂಡೇ ಬೆಳೆದವಳು ನಾನು. ಆದರೂ ಕೌಂಟರಿನಲ್ಲಿ ಕೂತಾಗ ಅವರು ಯಾವ ಲೆಕ್ಕದಲ್ಲಿ ಕೇಳುತ್ತಿದ್ದಾರೆ ಅನ್ನೋದು ಹೊಳೆಯಲಿಲ್ಲ. ಅವರು ಎರಡನ್ನೂ ಒಂಬತ್ತನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಎರಡು ಚಿಕ್ಕದು, ಅಲ್ವಾ? ಅವರ ತಪ್ಪೇನಿದೆ. ಎರಡೂ ಲೆಕ್ಕ ಬೇರೆ ಬೇರೆ ಅಂತ ಹೇಳುವ ಒಂದೇ ಪದ ಪರ್ ಆನಮ್. ಅದನ್ನೇ ನಾನು ಅವರಿಗೆ ಅರ್ಥವಾಗದ ಭಾಷೆಯಲ್ಲಿ ಹೇಳಿದ್ದೆ.

ಅವತ್ತು ಒಂದು ಹಳೇ ಚಲನ್ ಹಿಂದೆ ಬರೆದು ತೋರಿಸಿದೆ. ನಲವತ್ತು ಸಾವಿರಕ್ಕೆ ಅಂಗಡಿಯಲ್ಲಿ ತಿಂಗಳಿಗೆ 800 ರೂಪಾಯಿ ಬಡ್ಡಿ. ನಮ್ಮಲ್ಲಿ 300. ನಾಲ್ಕು ತಿಂಗಳಿಗೆ ಅಲ್ಲಿ 3,200, ಇಲ್ಲಿ ಆಗುತ್ತಿದ್ದದ್ದು 1,200. ಅವರು ಆ ಚೀಟಿಯನ್ನು ತುಂಬಾ ಹೊತ್ತು ನೋಡಿದರು. ಬೈಯಲಿಲ್ಲ. 'ಅವತ್ತೇ ಹಿಂಗೆ ಬರ್ದು ತೋರ್ಸಿದ್ರೆ ಆಗ್ತಿತ್ತಲ್ಲವ್ವ' ಅಂದರು, ಅಷ್ಟೇ. ಮುಂದಿನ ವಾರ ನೆಂಟರ ಹತ್ತಿರ ಕೈಸಾಲ ತಂದು ಸರ ಬಿಡಿಸಿಕೊಂಡು, ನಮ್ಮಲ್ಲಿಟ್ಟು, ಆ ಕೈಸಾಲ ತೀರಿಸಿದರು. ಎರಡು ಸಾವಿರ ರೂಪಾಯಿ ಮಾತ್ರ ಹೋಗಿದ್ದು ಹೋಗೇ ಹೋಯಿತು.

ಆವತ್ತಿಂದ ನನ್ನ ಕೌಂಟರಿನಲ್ಲಿ ಒಂಬತ್ತು ಪರ್ಸೆಂಟ್ ಅಂದ್ರೆ 'ಮುಕ್ಕಾಲು ರೂಪಾಯಿ ಬಡ್ಡಿ'. ಹನ್ನೆರಡು ಅಂದ್ರೆ 'ಒಂದು ರೂಪಾಯಿ ಬಡ್ಡಿ'. ಮೊದಲು ಇದನ್ನು ಹೇಳುತ್ತೇನೆ, ಆಮೇಲೆ ವರ್ಷದ ಲೆಕ್ಕ. ಕೇಳಿದವರು ತಕ್ಷಣ ತಮ್ಮ ಊರಿನ ಬಡ್ಡಿ ಜೊತೆ ತೂಗಿ ನೋಡುತ್ತಾರೆ. ಹೊಸದಾಗಿ ಸೇರಿದ ಹುಡುಗರಿಗೂ ಮೊದಲನೇ ದಿನ ನಾನು ಕಲಿಸೋದು ಇದನ್ನೇ.

ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ಯಾವ ಪದಕ್ಕೆ ಎದುರಿಗಿದ್ದವರ ಮುಖ ಬದಲಾಯಿತೋ ಆ ಪದ ಅದರಲ್ಲಿ ಬರುತ್ತಿತ್ತು. 'ಔಟ್‌ಸ್ಟ್ಯಾಂಡಿಂಗ್' ಹಾಗೆ ಬಂದದ್ದು. ಪಿಯುಸಿ ಓದುವ ಹುಡುಗ ಅಪ್ಪನಿಗೆ ಬಂದ ನೋಟಿಸ್ ಓದಿ, 'ಔಟ್‌ಸ್ಟ್ಯಾಂಡಿಂಗ್ ಅಂತ ಬರ್ದವ್ರೆ, ನಮ್ಮ ಖಾತೆ ಚೆನ್ನಾಗೈತೆ' ಅಂತ ಹೇಳಿದ್ದನಂತೆ. ಅವನ ಶಾಲೆಯಲ್ಲಿ ಆ ಪದ ಕಲಿಸಿದ್ದೇ ಹಾಗೆ, ಬಹಳ ಚೆನ್ನಾಗಿ ಓದಿದವರಿಗೆ ಹೇಳುವ ಮಾತು ಅಂತ. ಸಾಲದ ಕಾಗದದಲ್ಲಿ ಅದು ಇನ್ನೂ ಕಟ್ಟಬೇಕಾದ ಬಾಕಿ. 'ಓವರ್‌ಡ್ಯೂ' ಅಂದ್ರೆ ಗಡುವು ದಾಟಿದ ಬಾಕಿ, ನಮ್ಮ ರೈತರು ಬಾಯಲ್ಲಿ ಹೇಳುವ 'ಸುಸ್ತಿ'. ಈ ಎರಡರ ನಡುವೆ ಎಷ್ಟು ವ್ಯತ್ಯಾಸ ಇದೆ ಅಂದ್ರೆ, ಮೂರು ಲಕ್ಷದವರೆಗಿನ ಬೆಳೆ ಸಾಲಕ್ಕೆ ಬ್ಯಾಂಕಿನಲ್ಲಿ ಬಡ್ಡಿ ವರ್ಷಕ್ಕೆ ನೂರಕ್ಕೆ ಏಳು. ಗಡುವಿನೊಳಗೆ ಕಟ್ಟಿದವರಿಗೆ ಕೇಂದ್ರ ಸರ್ಕಾರ ಮೂರು ಬಿಡುತ್ತದೆ, ಉಳಿಯೋದು ನಾಲ್ಕೇ. ಒಂದು ಲಕ್ಷಕ್ಕೆ ವರ್ಷಕ್ಕೆ 3,000 ರೂಪಾಯಿ ಉಳಿತಾಯ. ಔಟ್‌ಸ್ಟ್ಯಾಂಡಿಂಗ್ ಓವರ್‌ಡ್ಯೂ ಆಗೋಕೆ ಬಿಟ್ಟರೆ ಆ ಮೂರು ಸಾವಿರ ಕೈತಪ್ಪಿತು.

ಕ್ರೆಡಿಟ್ ಡೆಬಿಟ್ ಬಗ್ಗೆಯೂ ಒಂದು ಮಾತು. 'ಕ್ರೆಡಿಟ್ ಆಗಿದೆ' ಅಂತ ಮೆಸೇಜ್ ಬಂದ್ರೆ ದುಡ್ಡು ಬಂತು. ಆದರೆ ಕ್ರೆಡಿಟ್ ಕಾರ್ಡ್ ಅಂದ್ರೆ ಸಾಲ. ಜನ ಗೊಂದಲ ಮಾಡಿಕೊಳ್ಳೋದು ಸಹಜ. ನಾನು ಹೇಳೋದು ಇಷ್ಟು: ಖಾತೆ ನಿಮ್ಮದಾದರೂ ಲೆಕ್ಕ ಬರೆಯುವವರು ಬ್ಯಾಂಕಿನವರು. ಕ್ರೆಡಿಟ್ ಅಂತ ಬರೆದರೆ ಬ್ಯಾಂಕು ನಿಮಗೆ ಅಷ್ಟು ಕೊಡಬೇಕು ಅಂತ ಒಪ್ಪಿಕೊಂಡ ಹಾಗೆ. ಕಾರ್ಡಿನಲ್ಲಿ ನೀವು ಕೊಡಬೇಕು. ದುಡ್ಡಿನ ಪದ ಕೇಳಿದಾಗ ಯಾರು ಯಾರಿಗೆ ಕೊಡಬೇಕು ಅಂತ ಕೇಳಿಕೊಳ್ಳದೆ ಬರೀ ಅರ್ಥ ಕಲಿತರೆ ಅರ್ಧ ಕಲಿತ ಹಾಗೆಯೇ.

ಇದು ನಮ್ಮ ಬೀದಿಯ ಹೆಣ್ಣುಮಕ್ಕಳಿಗೆ ಪಾಠ ಹೇಳುವಾಗ ಇನ್ನೂ ಚೆನ್ನಾಗಿ ಗೊತ್ತಾಯಿತು. ಬ್ಯಾಂಕ್ ಪರೀಕ್ಷೆಗೆ ಓದುವ ನಾಲ್ಕೈದು ಜನ ಭಾನುವಾರ ಬೆಳಗ್ಗೆ ನಮ್ಮ ಮನೆಗೆ ಬರುತ್ತಾರೆ. ಎಲ್ಲರಿಗೂ 'ಲೆಂಡ್' (ಸಾಲ ಕೊಡೋದು) ಮತ್ತು 'ಬಾರೋ' (ಸಾಲ ತಗೊಳ್ಳೋದು) ತಿರುವುಮುರುವು. ಯಾಕೆ ಅಂತ ಯೋಚಿಸಿದೆ. ಕನ್ನಡದಲ್ಲಿ ಸಾಲ ಅನ್ನೋ ಪದ ಒಂದೇ. ಕೊಟ್ಟರೂ ಸಾಲ, ತಗೊಂಡರೂ ಸಾಲ. ಹಿಂದೆ ಬರುವ ಕೊಡು, ತಗೋ ಅನ್ನೋದು ದಾರಿ ತೋರಿಸುತ್ತದೆ. ಇಂಗ್ಲಿಷಿನಲ್ಲಿ ಆ ದಾರಿ ಪದದೊಳಗೇ ಸೇರಿಕೊಂಡಿದೆ. ಹೀಗಾಗಿ ನಾನು ಅರ್ಥ ಬರೆಸೋದು ಬಿಟ್ಟೆ. ಪೆನ್ನು ಕೈಗೆ ಕೊಟ್ಟು, ಅದು ನನ್ನಿಂದ ದೂರ ಹೋದರೆ ನಾನು ಲೆಂಡ್ ಮಾಡಿದೆ, ನಿನ್ನ ಹತ್ತಿರ ಬಂದರೆ ನೀನು ಬಾರೋ ಮಾಡಿದೆ ಅಂತ ಆಡಿಸಿದೆ. ಆಮೇಲೆ ತಪ್ಪಲಿಲ್ಲ.

ಗಾದೆಗಳು ಬೇರೆ ಥರ. 'ಬಟ್ಟೆ ಇದ್ದಷ್ಟು ಕೋಟು ಕತ್ತರಿಸು' ಅಂತ ಇಂಗ್ಲಿಷಿನಲ್ಲಿ ಒಂದಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದ ಕೂಡಲೇ ಎಲ್ಲರಿಗೂ ಅರ್ಥವಾಯಿತು. ಆದರೆ 'ಸೇವ್ ಫಾರ್ ಎ ರೈನಿ ಡೇ' ಬಂದಾಗ ನಾಗಮಂಗಲ ಕಡೆಯ ಹುಡುಗಿ ಪೆನ್ನು ಕೆಳಗಿಟ್ಟಳು.

'ಮಳೆ ದಿನ ಅಂದ್ರೆ ಒಳ್ಳೆ ದಿನ ಅಲ್ವಾ ಅಕ್ಕ? ಅದಕ್ಕೆ ದುಡ್ಡು ಯಾಕೆ ಎತ್ತಿಡಬೇಕು?'

ಅವರದು ರಾಗಿ, ಹುರುಳಿ ಬೆಳೆಯುವ ಹೊಲ. ಮಳೆ ಬಾರದ ದಿನಕ್ಕೆ ಎತ್ತಿಡುವವರು ಅವರು. ನಾನು ಉತ್ತರ ಹುಡುಕುತ್ತಿರುವಾಗಲೇ ಪಕ್ಕದಲ್ಲಿದ್ದ ಹುಡುಗಿ ಬಾಯಿ ಹಾಕಿದಳು. ಅವರ ಮನೆಯವರದು ಆಲೆಮನೆ.

'ನಮಗೆ ಮಳೆ ಬಂದ್ರೆ ಕಷ್ಟಾನೇ ಕಣೆ. ಕಬ್ಬಿನ ಸಿಪ್ಪೆ ಒಣಗಲ್ಲ. ಸಿಪ್ಪೆ ಒಣಗದೆ ಒಲೆ ಉರಿಯಲ್ಲ. ಒಲೆ ಉರೀದೆ ಬೆಲ್ಲ ಎಲ್ಲಿಂದ ಬರ್ತದೆ? ಆಳುಗಳಿಗೆ ಮಾತ್ರ ದುಡ್ಡು ಕೊಡಲೇಬೇಕು.'

ಇಬ್ಬರೂ ಒಂದೇ ಜಿಲ್ಲೆಯವರು. ಒಬ್ಬಳ ಮನೆಗೆ ಆ ಗಾದೆ ಸರಿಯಾಗಿ ಕೂರುತ್ತದೆ, ಇನ್ನೊಬ್ಬಳ ಮನೆಗೆ ತಲೆಕೆಳಗು. ಬಿಸಿಲಿಲ್ಲದೆ ಕೆಲಸ ನಿಂತ ದಿನ, ಕೂಲಿ ಸಿಗದ ದಿನ, ಅದೇ 'ರೈನಿ ಡೇ' ಅಂತ ಆಲೆಮನೆ ಹುಡುಗಿಯೇ ನಮಗೆಲ್ಲ ಪಾಠ ಹೇಳಿದಳು. ನಾನು ಪುಸ್ತಕದಲ್ಲಿ ಓದಿದ್ದು 'ಆಪತ್ಕಾಲ' ಅನ್ನೋ ಒಂದು ಒಣ ಪದ.

'ಪೆನ್ನಿ ವೈಸ್, ಪೌಂಡ್ ಫೂಲಿಶ್' ಹೇಳಿಕೊಡೋಕೆ ನಾಣ್ಯದ ಲೆಕ್ಕ ಬೇಕಾಯಿತು. 1971ರವರೆಗೆ ಒಂದು ಪೌಂಡಿಗೆ 240 ಪೆನ್ಸ್. ನಮ್ಮಲ್ಲಿ 1957ಕ್ಕೆ ಮುಂಚೆ ರೂಪಾಯಿಗೆ 16 ಆಣೆ, 192 ಪೈ ಇತ್ತಲ್ಲ, ಹಾಗೆ. ಪೈ ಉಳಿಸಿ ರೂಪಾಯಿ ಕಳೆಯುವವರ ಕತೆ ಅದು. ಅಪಘಾತ ವಿಮೆಗೆ ವರ್ಷಕ್ಕೆ 20 ರೂಪಾಯಿ ಯಾಕೆ ಕಡೀತೀರಿ ಅಂತ ಜಗಳ ಮಾಡಿ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ನಿಲ್ಲಿಸಿದವರನ್ನು ನಾನು ಕೌಂಟರಿನಲ್ಲಿ ನೋಡಿದ್ದೇನೆ. ಅದರಲ್ಲಿ ಅಪಘಾತದಿಂದ ಸಾವಾದರೆ ಮನೆಯವರಿಗೆ ಎರಡು ಲಕ್ಷ ಸಿಗುತ್ತದೆ. ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಗಲಿಲ್ಲ.

ಮಕ್ಕಳಿಗೆ ತುಂಬಾ ಖುಷಿ ಕೊಟ್ಟ ಪದ 'ಕ್ಯಾಶ್'. ಕೈಯಲ್ಲಿರುವ ನಗದು ಅನ್ನೋ ಅರ್ಥದ್ದು ಫ್ರೆಂಚಿನ ದುಡ್ಡಿನ ಪೆಟ್ಟಿಗೆಯಿಂದ ಬಂದದ್ದು. ಆದರೆ ಇಂಗ್ಲಿಷಿನಲ್ಲಿ ಇನ್ನೊಂದು ಕ್ಯಾಶ್ ಇದೆ, ಚಿಲ್ಲರೆ ನಾಣ್ಯದ ಹೆಸರು. ಅದು ನಮ್ಮ ದಕ್ಷಿಣದ ಕಾಸು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ತಾಮ್ರದ ನಾಣ್ಯದ ಮೇಲೆ ಕನ್ನಡದಲ್ಲಿ 'ಮಯಿಲಿ ಕಾಸು' ಅಂತಲೂ ಇಂಗ್ಲಿಷಿನಲ್ಲಿ 'ಕ್ಯಾಶ್' ಅಂತಲೂ ಒಟ್ಟಿಗೇ ಇದೆ. ಇಂಗ್ಲಿಷ್ ಅಂದ್ರೆ ಹೆದರುತ್ತಿದ್ದ ಹುಡುಗಿಯೊಬ್ಬಳು 'ಹಾಗಾದ್ರೆ ಅವರೂ ನಮ್ಮಿಂದ ತಗೊಂಡವ್ರೆ' ಅಂದಾಗ ಅವಳ ಮುಖ ನೋಡಬೇಕಿತ್ತು.

ಹೋದ ತಿಂಗಳು ನೋಟ್‌ಬುಕ್ಕಿಗೆ ಬಂದ ಪದ 'ಲಿಯೆನ್'. ವಯಸ್ಸಾದ ಒಬ್ಬರು ಫಿಕ್ಸೆಡ್ ಡೆಪಾಸಿಟ್ ಮುರಿಸೋಕೆ ಬಂದಿದ್ದರು. ಅದರ ಮೇಲೆ ಅವರು ಸಾಲ ತಗೊಂಡಿದ್ದರಿಂದ ಸಾಲ ತೀರುವವರೆಗೂ ಅದು ಸಿಗುವ ಹಾಗಿರಲಿಲ್ಲ. ಪಕ್ಕದ ಕೌಂಟರಿನ ಹುಡುಗ 'ಲಿಯೆನ್ ಇದೆ ತಾತ' ಅಂದ. ಅವರು ಸರಿ ಅಂತ ತಲೆಯಾಡಿಸಿ ಹೋಗಿ ಕ್ಯಾಶ್ ಕೌಂಟರಿನ ಸಾಲಿನಲ್ಲಿ ನಿಂತರು. ಅವರಿಗೆ ಕೇಳಿಸಿದ್ದು 'ಲೈನ್ ಇದೆ' ಅಂತ. ಮುಕ್ಕಾಲು ಗಂಟೆ ಕೋಲು ಊರಿಕೊಂಡು ನಿಂತಿದ್ದರು.

ಕೂರಿಸಿ ನೀರು ಕೊಟ್ಟು ಹೇಳೋಕೆ ಹೋದರೆ ನನಗೂ ಪದ ಸಿಗಲಿಲ್ಲ. ಹಕ್ಕು ಅಂದೆ, ತಡೆ ಅಂದೆ. 'ದುಡ್ಡು ನಂದೇ ತಾನೆ ಕನವ್ವ?' ಅಂತ ಅವರು ಮತ್ತೆ ಮತ್ತೆ ಕೇಳಿದರು. ಆಗ ನಮ್ಮ ಅಟೆಂಡರ್ ಅಣ್ಣ ಫೈಲು ಹಿಡಿದು ಹೋಗುತ್ತಿದ್ದವರು ನಿಂತರು.

'ಹಸ ನಿಮ್ದೇ ತಾತ. ಸಾಲದ ಗೂಟಕ್ಕೆ ಕಟ್ಟಾಕವ್ರೆ ಅಷ್ಟೇಯ. ಸಾಲ ಕಟ್ಟಿ, ಹಗ್ಗ ಬಿಚ್ಚಿ ಕೊಡ್ತಾರೆ.'

ತಾತ 'ಹಂಗನ್ನಿ ಮತ್ತೆ' ಅಂತ ಎದ್ದು ಹೋದರು.

ರಾತ್ರಿ ಮನೆಗೆ ಬಂದು ನಿಘಂಟು ತೆಗೆದೆ. ಲಿಯೆನ್ ಫ್ರೆಂಚಿನಿಂದ ಬಂದ ಪದ, ಅದರ ಮೂಲ ಲ್ಯಾಟಿನ್. ಮೂಲದಲ್ಲಿ ಅದರ ಅರ್ಥ ಕಟ್ಟು, ಕಟ್ಟಿಹಾಕುವ ಹಗ್ಗ. ನೋಟ್‌ಬುಕ್ಕಿನಲ್ಲಿ ಅಟೆಂಡರ್ ಅಣ್ಣನ ಮಾತನ್ನು ಹಾಗೆ ಹಾಗೇ ಬರೆದುಕೊಂಡೆ.